ಆರರಿಂದ ಐದಕ್ಕೆ: ಹಳೆಯ ಷೆವರ್ಲೆ ಸಿ-10 ಪಿಕಪ್‌ನ ಬೋಲ್ಟ್ ಪ್ಯಾಟರ್ನ್ ಬದಲಿಸುವ ದಾರಿಗಳ ಹೋಲಿಕೆ

ಅಮೆರಿಕದಲ್ಲಿ ನೆಲೆಸಿ ಹಳೆಯ ಷೆವರ್ಲೆ ಪಿಕಪ್ ಒಂದನ್ನು ಸಾಕಿಕೊಂಡಿರುವ ಕನ್ನಡಿಗರು ಬಹಳ ಮಂದಿಯಿಲ್ಲ. ಆದರೆ ಅವರಲ್ಲಿ ನನಗೆ ಪರಿಚಯವಿರುವ ಹೆಚ್ಚಿನವರು ಒಂದಲ್ಲ ಒಂದು ದಿನ ಇದೇ ಪ್ರಶ್ನೆಯನ್ನು ಮುಂದಿಟ್ಟಿದ್ದಾರೆ. ಆರು ಸ್ಟಡ್‌ಗಳ, ಅಂದರೆ ಚಕ್ರವನ್ನು ಹಿಡಿದಿಡುವ ಆರು ಬೋಲ್ಟ್‌ಗಳ, ಚಕ್ರವಿರುವ ತಮ್ಮ ಸಿ-10 ಗಾಡಿಯನ್ನು ಐದು ಸ್ಟಡ್‌ಗೆ ಬದಲಿಸಬೇಕೆ, ಬದಲಿಸುವುದಾದರೆ ಹಬ್‌ಗೂ (ಚಕ್ರ ಕೂರುವ ಗುಂಬ) ರಿಮ್‌ಗೂ ನಡುವೆ ಬಿಗಿಯುವ ಅಡಾಪ್ಟರ್ ತಟ್ಟೆ ಸಾಕೆ, ಇರುವ ಹಬ್‌ನಲ್ಲೇ ಹೊಸ ತೂತು ಕೊರೆಸಬಹುದೆ, ಇಲ್ಲವೇ ಬ್ರೇಕು, ಆಕ್ಸಲ್ ಸಮೇತ ಎಲ್ಲವನ್ನೂ ಕಳಚಿ ಬೇರೆಯದನ್ನು ಹಾಕಬೇಕೆ ಎಂಬುದು ಆ ಪ್ರಶ್ನೆ. ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ರಿಮ್‌ನ ಚಿತ್ರವಿರುತ್ತದೆ. ಆ ರಿಮ್ ಐದು ತೂತಿನದು, ಅದನ್ನು ಹೇಗಾದರೂ ಗಾಡಿಗೆ ಕೂರಿಸಬೇಕು ಎಂಬಲ್ಲಿಂದ ಅವರ ಯೋಚನೆ ಹೊರಡುತ್ತದೆ. ನಾನು ಅವರಿಗೆ ಹೇಳುತ್ತ ಬಂದಿರುವುದು ಒಂದೇ ಮಾತು: ಇದು ರಿಮ್‌ನ ಪ್ರಶ್ನೆಯಲ್ಲ, ಸ್ಟಡ್ ಯಾವುದರಲ್ಲಿ ನೆಟ್ಟಿದೆಯೋ ಅದರ ಪ್ರಶ್ನೆ. ಮುಂದೆ ಅದು ಬ್ರೇಕಿನ ಹಬ್‌ನಲ್ಲಿ ನೆಟ್ಟಿದೆ, ಹಿಂದೆ ಆಕ್ಸಲ್ ದಂಡದ ತುದಿಯ ತಟ್ಟೆಯಲ್ಲಿ ನೆಟ್ಟಿದೆ. ಆ ಎರಡನ್ನು ಏನು ಮಾಡುತ್ತೀರಿ ಎಂದು ಮೊದಲು ತೀರ್ಮಾನಿಸಿದರೆ ರಿಮ್ ತಾನಾಗಿ ತೀರ್ಮಾನವಾಗುತ್ತದೆ.

ಮೊದಲು ಗಾಡಿಯ ಹಿನ್ನೆಲೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. 1960ರಿಂದ 1970ರವರೆಗಿನ ಅರ್ಧ ಟನ್ನಿನ ಸಿ-10 ಗಾಡಿಗಳಿಗೆ ಕಾರ್ಖಾನೆಯಿಂದ ಬಂದದ್ದು ಐದೂವರೆ ಇಂಚು, ಅಂದರೆ 139.7 ಮಿ.ಮೀ. ವ್ಯಾಸದ ವೃತ್ತದಲ್ಲಿ ಆರು ಸ್ಟಡ್‌ಗಳು; ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. 1971ರ ಮಾದರಿಯಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಬಂದವು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂತು, ಬೋಲ್ಟ್ ಪ್ಯಾಟರ್ನ್ (ಸ್ಟಡ್‌ಗಳ ಸಂಖ್ಯೆ ಮತ್ತು ಅವು ನಿಂತ ವೃತ್ತದ ಅಳತೆ) ಐದು ಇಂಚು, ಅಂದರೆ 127 ಮಿ.ಮೀ. ವೃತ್ತದ ಐದು ಸ್ಟಡ್‌ಗಳಿಗೆ ತಿರುಗಿತು. 1973ರಲ್ಲಿ ಬಂದ ಮುಂದಿನ ಪೀಳಿಗೆಯ ಸಿ-10 ಕೂಡ 1987ರವರೆಗೆ ಅದೇ ಐದರಲ್ಲಿ ನಡೆಯಿತು. ನಾಲ್ಕು ಚಕ್ರ ಚಾಲನೆಯ ಕೆ-10 ಮಾತ್ರ ಆರನ್ನು ಬಿಡಲಿಲ್ಲ. ಈ ಇತಿಹಾಸ ಸುಮ್ಮನೆ ಹೇಳಿದ್ದಲ್ಲ. ಈ ಗಾಡಿಯ ವಂಶದಲ್ಲಿ ಐದು ಸ್ಟಡ್ ಮತ್ತು ಮುಂದಿನ ಡಿಸ್ಕ್ ಬ್ರೇಕು ಜೊತೆಯಾಗಿ ಬಂದವು ಎಂಬುದೇ ಈ ಇಡೀ ಲೆಕ್ಕಾಚಾರದ ಕೀಲಿ. ಮುಂದಿನ ಚಕ್ರಕ್ಕೆ ಐದು ಸ್ಟಡ್‌ಗಳ ಕಾರ್ಖಾನೆಯ ಡ್ರಮ್ ಹುಡುಕಿಕೊಂಡು ಹೋದರೆ ಸಿಗುವುದಿಲ್ಲ, ಸಿಗುವುದು ಡಿಸ್ಕೇ.

ಯಾವುದನ್ನು ಒರೆಗಲ್ಲಾಗಿ ಇಟ್ಟುಕೊಳ್ಳಬೇಕು

ನಾನು ದಾರಿಗಳನ್ನು ತೂಗುವಾಗ ಎಲ್ಲಕ್ಕಿಂತ ಮೊದಲು ನೋಡುವುದು, ಗಾಡಿಯ ಭಾರ ಮತ್ತು ಬ್ರೇಕಿನ ಒತ್ತಡ ರಿಮ್‌ನಿಂದ ಆಕ್ಸಲ್‌ಗೆ ಎಷ್ಟು ಜೋಡಣೆಗಳ ಮೂಲಕ ದಾಟುತ್ತವೆ ಎಂಬುದನ್ನು. ಜೋಡಣೆ ಒಂದು ಹೆಚ್ಚಿದರೆ ಸಡಿಲವಾಗಬಹುದಾದ ಜಾಗವೂ ಒಂದು ಹೆಚ್ಚುತ್ತದೆ. ಎರಡನೆಯದು, ಆ ಕೆಲಸದಿಂದ ಬ್ರೇಕು ಸುಧಾರಿಸುತ್ತದೆಯೋ, ಇದ್ದಂತೆಯೇ ಉಳಿಯುತ್ತದೆಯೋ ಎಂಬುದು. ಮೂರನೆಯದು ಚಕ್ರ ಕೊನೆಗೆ ಎಲ್ಲಿ ಬಂದು ನಿಲ್ಲುತ್ತದೆ ಎಂಬುದು. ಒಳಗೆ ಸರಿದರೆ ಸ್ಟೀರಿಂಗ್‌ನ ಟೈ ರಾಡ್‌ಗೆ ತಗಲುತ್ತದೆ, ಹೊರಗೆ ಸರಿದರೆ ಮಡ್‌ಗಾರ್ಡ್‌ನ ಅಂಚಿಗೆ ತಗಲುತ್ತದೆ. ಹಣ ಮತ್ತು ಗಾಡಿ ಜ್ಯಾಕ್ ಸ್ಟ್ಯಾಂಡ್ ಮೇಲೆ ಕಳೆಯುವ ದಿನಗಳು ಇವುಗಳ ನಂತರ ಬರುತ್ತವೆ. ಮತ್ತೆ ಹಳೆಯ ಸ್ಥಿತಿಗೆ ಮರಳಲು ಸಾಧ್ಯವೆ ಎಂಬುದು ಕೆಲವರಿಗೆ ಮುಖ್ಯ, ಕೆಲವರಿಗೆ ಏನೂ ಅಲ್ಲ. ಅದನ್ನು ನೀವೇ ನಿರ್ಧರಿಸಬೇಕು.

ಏನನ್ನೇ ಕೊಳ್ಳುವ ಮೊದಲು ಗಾಡಿಯಲ್ಲಿ ಈಗ ಇರುವುದನ್ನು ಅಳೆಯಿರಿ. ಐವತ್ತು ವರ್ಷಗಳಲ್ಲಿ ಯಾರೋ ಒಬ್ಬ ಮಾಲೀಕ ಹಿಂದಿನ ಆಕ್ಸಲ್ ಬದಲಿಸಿ, ಮುಂದೆ ಆರು, ಹಿಂದೆ ಐದು ಮಾಡಿಟ್ಟಿರುವ ಗಾಡಿಗಳೂ ಉಂಟು. ಆರು ಸ್ಟಡ್‌ಗಳಲ್ಲಿ ಎದುರುಬದುರಾದ ಎರಡರ ನಡುಮಧ್ಯದ ಅಂತರವೇ ವೃತ್ತದ ವ್ಯಾಸ. ಅಕ್ಕಪಕ್ಕದ ಎರಡರ ಅಂತರ ಅದರ ಸರಿಯಾಗಿ ಅರ್ಧ, 69.85 ಮಿ.ಮೀ. ಐದರಲ್ಲಿ ಎದುರಿಗೆ ಸ್ಟಡ್ ಇರುವುದಿಲ್ಲವಾದ್ದರಿಂದ ಅಕ್ಕಪಕ್ಕದ ಎರಡರ ನಡುಮಧ್ಯದ ಅಂತರವನ್ನು ಅಳೆದು 1.701ರಿಂದ ಗುಣಿಸಬೇಕು. ಆ ಅಂತರ 74.7 ಮಿ.ಮೀ. ಬಂದರೆ ನಿಮ್ಮದು ಐದು ಇಂಚಿನ ವೃತ್ತ, 70.9 ಬಂದರೆ ಕಮಾರೊ, ಷೆವೆಲ್, ಕಾರ್ವೆಟ್ ಕಾರುಗಳಲ್ಲಿದ್ದ ನಾಲ್ಕೂಮುಕ್ಕಾಲು ಇಂಚಿನದು. ಎರಡರ ನಡುವೆ ನಾಲ್ಕು ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ, ಆದ್ದರಿಂದ ಟೇಪು ಹಿಡಿದು ಅಂದಾಜು ಮಾಡದೆ ವರ್ನಿಯರ್ ಕ್ಯಾಲಿಪರ್ ಬಳಸಿ. ನಮ್ಮೂರಿನವರಿಗೆ ಒಂದು ಎಚ್ಚರಿಕೆ: 139.7 ಎಂಬ ಸಂಖ್ಯೆಯೊಂದನ್ನೇ ನಂಬಬಾರದು. ಹಳೆಯ ವಿಲ್ಲೀಸ್ ಜೀಪು, ಮಾರುತಿ ಜಿಪ್ಸಿಗಳದೂ 139.7 ಮಿ.ಮೀ. ವೃತ್ತವೇ, ಆದರೆ ಐದು ಸ್ಟಡ್. ಟೊಯೊಟಾ ಹೈಲಕ್ಸ್‌ನದು ಅದೇ ವೃತ್ತ, ಆರು ಸ್ಟಡ್.

ಆರರ ಮೇಲೆ ಐದನ್ನು ಇಟ್ಟಾಗ ಏನಾಗುತ್ತದೆ

ಇಲ್ಲಿ ಸ್ವಲ್ಪ ರೇಖಾಗಣಿತ ಬೇಕು. ಅಂಗಡಿಯವರು ಹೇಳುವ ಹಲವು ಮಾತುಗಳ ಸತ್ಯಾಸತ್ಯ ಇದೊಂದರಿಂದಲೇ ತಿಳಿಯುತ್ತದೆ, ಆದ್ದರಿಂದ ಓದುಗರು ಇದನ್ನು ಹಾರಿಸಿ ಮುಂದೆ ಹೋಗಬಾರದೆಂದು ಕೇಳಿಕೊಳ್ಳುತ್ತೇನೆ. ಆರು ಸ್ಟಡ್‌ಗಳು 60 ಡಿಗ್ರಿಗೆ ಒಂದರಂತೆ ಇರುತ್ತವೆ, ಐದು ಸ್ಟಡ್‌ಗಳು 72 ಡಿಗ್ರಿಗೆ ಒಂದರಂತೆ. ಐದರ ನಕ್ಷೆಯನ್ನು ಆರರ ಮೇಲಿಟ್ಟು ಎತ್ತ ತಿರುಗಿಸಿದರೂ, ಹೊಸ ಐದರಲ್ಲಿ ಒಂದಾದರೂ ಹಳೆಯ ಒಂದು ಸ್ಟಡ್‌ನಿಂದ 6 ಡಿಗ್ರಿಗಿಂತ ದೂರ ಹೋಗಲಾರದು. ಅತಿ ಅನುಕೂಲವಾದ ಕೋನದಲ್ಲಿ ಕೂಡ ಎರಡು ಜೋಡಿಗಳು ಅಷ್ಟೇ ಹತ್ತಿರ ಬಂದು ಕೂರುತ್ತವೆ. ಒಂದು ವೃತ್ತದ ತ್ರಿಜ್ಯ 69.85, ಇನ್ನೊಂದರದು 63.5 ಮಿ.ಮೀ. ಈ ಲೆಕ್ಕದಲ್ಲಿ ಆ ಜೋಡಿಯ ನಡುಮಧ್ಯಗಳ ಅಂತರ ಸುಮಾರು 9.4 ಮಿ.ಮೀ. ಮಾತ್ರ. ನಾಲ್ಕೂಮುಕ್ಕಾಲು ಇಂಚಿನ ವೃತ್ತಕ್ಕೆ ಹೋದರೆ ಅದು 11.7 ಮಿ.ಮೀ. ಆಗುತ್ತದೆ. ಹಳೆಯ ಗಾಡಿಯ ಸ್ಟಡ್ 7/16 ಇಂಚು ದಪ್ಪದ್ದು, ಅಂದರೆ 11 ಮಿ.ಮೀ.ಗಿಂತ ಚೂರು ಹೆಚ್ಚು; ಅದರ ನಟ್ಟಿನ ಅಗಲ ಸುಮಾರು 19 ಮಿ.ಮೀ. 9.4 ಮಿ.ಮೀ. ಅಂತರದಲ್ಲಿ ಇವೆರಡು ಪಕ್ಕಪಕ್ಕ ಕೂರಲು ಜಾಗವೇ ಇಲ್ಲ. ಈ ಸಂಗತಿ ಮುಂದೆ ಎರಡು ಕಡೆ ಬರುತ್ತದೆ.

ಹೊಸ ತೂತು ಕೊರೆಸುವುದು

ಮೊದಲು ಇದನ್ನೇ ಮುಗಿಸಿಬಿಡುತ್ತೇನೆ. ಅಗ್ಗವಾಗಿ ಕಾಣುವ ದಾರಿ ಇದು: ಆಕ್ಸಲ್ ದಂಡವನ್ನೂ ಡ್ರಮ್ಮನ್ನೂ ಲೇತ್ ಅಂಗಡಿಗೆ ಕೊಟ್ಟು, ಆರು ತೂತುಗಳ ನಡುವೆ ಐದು ಹೊಸ ತೂತು ಕೊರೆಸುವುದು. ಮೇಲಿನ ಲೆಕ್ಕವನ್ನು ನೋಡಿದವರಿಗೆ ಇದರ ದೋಷ ತಾನೇ ಹೊಳೆಯುತ್ತದೆ. ಹನ್ನೆರಡು ಮಿ.ಮೀ. ಆಸುಪಾಸಿನ ಹಳೆಯ ತೂತಿನ ನಡುವಿನಿಂದ 9.4 ಮಿ.ಮೀ. ದೂರದಲ್ಲಿ ಅಷ್ಟೇ ದೊಡ್ಡ ಇನ್ನೊಂದು ತೂತು ಕೊರೆದರೆ ಎರಡೂ ಸೇರಿ ಎಂಟರ ಆಕಾರವಾಗುತ್ತದೆ, ಸ್ಟಡ್‌ನ ಹಲ್ಲುಗಳು ಕಚ್ಚಿ ಹಿಡಿಯಲು ಸುತ್ತಲೂ ಲೋಹ ಉಳಿಯುವುದಿಲ್ಲ. ಹಳೆಯ ತೂತನ್ನು ವೆಲ್ಡ್ ಮಾಡಿ ತುಂಬಿಸಿ ಆಮೇಲೆ ಕೊರೆಯುತ್ತೇವೆ ಎನ್ನುವವರಿದ್ದಾರೆ. ಭಾರ ಹೊರುವ ಆಕ್ಸಲ್ ತಟ್ಟೆಯ ಉಕ್ಕನ್ನು ಹಾಗೆ ಕಾಯಿಸಿ ಅದರ ಹದ ಕೆಡಿಸುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಆದರೆ ಕೊರೆಸುವುದು ಎಲ್ಲ ಕಡೆಯೂ ತಪ್ಪಲ್ಲ. ನಿಮ್ಮ ಗಾಡಿ 1971ರ ನಂತರದ್ದಾಗಿದ್ದು, ಐದು ಇಂಚಿನ ಐದರಿಂದ ನಾಲ್ಕೂಮುಕ್ಕಾಲು ಇಂಚಿನ ಐದಕ್ಕೆ ಹೋಗಬೇಕಾಗಿದ್ದರೆ, ಹೊಸ ತೂತುಗಳು 36 ಡಿಗ್ರಿ ತಿರುಗಿ ಹಳೆಯವುಗಳ ಸರಿಯಾಗಿ ನಡುವೆ ಬೀಳುತ್ತವೆ. ಆಗ ನುರಿತ ಟರ್ನರ್ ಒಬ್ಬ ಡ್ರಿಲ್ ಪ್ರೆಸ್‌ನಲ್ಲಲ್ಲ, ಮಿಲ್ಲಿಂಗ್ ಯಂತ್ರದಲ್ಲಿ, ಸರಿಯಾದ ಮಧ್ಯ ಹಿಡಿದು ಕೊರೆದರೆ ಅದು ಗಟ್ಟಿ ಕೆಲಸವೇ. ಕೈಯಲ್ಲಿ ಗುರುತು ಹಾಕಿ ಕೊರೆದ ತೂತುಗಳ ವೃತ್ತ ಹಬ್‌ನ ಮಧ್ಯದಿಂದ ಅರ್ಧ ಮಿಲಿಮೀಟರ್ ಸರಿದರೂ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ.

ಅಡಾಪ್ಟರ್

ಹೆಚ್ಚಿನವರ ಕೈ ಮೊದಲು ಹೋಗುವುದು ಇದರ ಕಡೆಗೆ, ಅದರಲ್ಲಿ ಆಶ್ಚರ್ಯವೂ ಇಲ್ಲ. ಖರ್ಚು ನೂರಾರು ಡಾಲರ್‌ಗಳ ಲೆಕ್ಕದಲ್ಲಿ ಮುಗಿಯುತ್ತದೆ, ಒಂದು ಮಧ್ಯಾಹ್ನದಲ್ಲಿ ಕೆಲಸವಾಗುತ್ತದೆ, ಬೇಡವೆನಿಸಿದ ದಿನ ಬಿಚ್ಚಿಟ್ಟರೆ ಗಾಡಿ ಹಳೆಯ ಸ್ಥಿತಿಗೆ ಮರಳುತ್ತದೆ. ಆದರೆ ಚಕ್ರದ ಭಾರ ಈಗ ಎರಡು ಜೋಡಣೆಗಳನ್ನು ದಾಟುತ್ತದೆ: ರಿಮ್‌ನಿಂದ ಅಡಾಪ್ಟರ್‌ಗೆ ಐದು ನಟ್ಟು, ಅಡಾಪ್ಟರ್‌ನಿಂದ ಹಬ್‌ಗೆ ಆರು ನಟ್ಟು. ಎರಡನೆಯ ಸಾಲು ರಿಮ್‌ನ ಹಿಂದೆ ಅಡಗಿರುವುದರಿಂದ ಚಕ್ರ ಬಿಚ್ಚದೆ ಅದು ಸಡಿಲವಾಗಿದೆಯೋ ಇಲ್ಲವೋ ಎಂದು ತಿಳಿಯುವುದಿಲ್ಲ. ನನ್ನ ಸ್ನೇಹಿತರೊಬ್ಬರ ಗಾಡಿಯ ಹಿಂದಿನ ಎಡಚಕ್ರದಿಂದ ನಿಧಾನ ವೇಗದಲ್ಲಿ ಟಕಟಕ ಸದ್ದು ಬರುತ್ತಿತ್ತು. ಹೊರಗಿನ ನಟ್ಟುಗಳು ಬಿಗಿಯಾಗಿಯೇ ಇದ್ದುದರಿಂದ ಎರಡು ವಾರ ಬೇರಿಂಗನ್ನು ಸಂಶಯಿಸಿದರು. ಚಕ್ರ ಬಿಚ್ಚಿದಾಗ ಒಳಗಿನ ಆರರಲ್ಲಿ ಮೂರು ನಟ್ಟುಗಳು ಬೆರಳಲ್ಲೇ ತಿರುಗುತ್ತಿದ್ದವು. ಹೆದ್ದಾರಿಯಲ್ಲಿ ಅದು ಕಳಚಿಕೊಂಡಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆರರಿಂದ ಐದಕ್ಕೆ ಹೋಗುವ ಅಡಾಪ್ಟರ್‌ಗೆ ಮೇಲೆ ಹೇಳಿದ 9.4 ಮಿ.ಮೀ.ನ ಇಕ್ಕಟ್ಟು ಕೂಡ ಅಂಟಿಕೊಂಡಿದೆ. ಹಬ್‌ಗೆ ಬಿಗಿಯುವ ನಟ್ಟು ಕೂರಲು ಗುಳಿ ತೋಡಬೇಕು, ಅದರ ಮಗ್ಗುಲಲ್ಲೇ ಹೊಸ ಸ್ಟಡ್ ನೆಡಬೇಕು. ತಯಾರಕರು ಇದನ್ನು ನಿಭಾಯಿಸಲು ತಟ್ಟೆಯನ್ನು ದಪ್ಪ ಮಾಡುತ್ತಾರೆ. ಒಂದೂಕಾಲು ಇಂಚಿನಿಂದ ಎರಡು ಇಂಚಿನವರೆಗಿನವು ಮಾರುಕಟ್ಟೆಯಲ್ಲಿವೆ. ಕೊಳ್ಳುವಾಗ ಹೊಳಪನ್ನು ನೋಡಬೇಡಿ, ಆ ಹತ್ತಿರದ ಎರಡು ಜೋಡಿಗಳ ಸುತ್ತ ಎಷ್ಟು ಲೋಹ ಉಳಿದಿದೆ ಎಂದು ನೋಡಿ. ಎರಕ ಹೊಯ್ದದ್ದು ಬೇಡ. 6061-ಟಿ6 ದರ್ಜೆಯ ಅಲ್ಯೂಮಿನಿಯಂ ಗಟ್ಟಿಯನ್ನು ಯಂತ್ರದಲ್ಲಿ ಕಡೆದದ್ದಾಗಲಿ, ಉಕ್ಕಿನದಾಗಲಿ ಇರಲಿ. ಹಳೆಯ ಸ್ಟಡ್‌ನ ತುದಿ ಅಡಾಪ್ಟರ್‌ನ ಮುಖದಿಂದ ಹೊರಗೆ ಇಣುಕಿದರೆ ರಿಮ್ ಸಮತಟ್ಟಾಗಿ ಕೂರುವುದಿಲ್ಲ, ಆಗ ಸ್ಟಡ್ ಕತ್ತರಿಸುವ ಮಾತು ಬರುತ್ತದೆ. ಕತ್ತರಿಸಿದ ಮೇಲೆ ಹಳೆಯ ಸ್ಥಿತಿಗೆ ಮರಳುವ ಅನುಕೂಲವೂ ಹೋಯಿತು.

ದಪ್ಪಕ್ಕೆ ತೆರಬೇಕಾದ ಬೆಲೆ ಬೇರೆ ಇದೆ. ಎರಡೂ ಬದಿಗೆ ಎರಡೆರಡು ಇಂಚಿನ ಅಡಾಪ್ಟರ್ ಹಾಕಿದರೆ ಎಡಬಲ ಚಕ್ರಗಳ ನಡುವಿನ ಹರವು ನಾಲ್ಕು ಇಂಚು ಹಿಗ್ಗುತ್ತದೆ. ಹಿಂದೆ ಅದು ಮಡ್‌ಗಾರ್ಡ್‌ನ ಪ್ರಶ್ನೆಯಾದರೆ, ಮುಂದೆ ಸ್ಟೀರಿಂಗ್‌ನ ಪ್ರಶ್ನೆ: ಚಕ್ರದ ನಡುಗೆರೆ ತಿರುಗುವ ಅಕ್ಷದಿಂದ ದೂರ ಸರಿದಷ್ಟೂ ಸ್ಟೀರಿಂಗ್ ಭಾರವಾಗುತ್ತದೆ, ಗುಂಡಿಗೆ ಇಳಿದಾಗ ಕೈಯಿಂದ ಎಳೆದುಕೊಳ್ಳುತ್ತದೆ, ಸ್ಪಿಂಡಲ್ (ಮುಂದಿನ ಹಬ್ ಸುತ್ತುವ ದಂಡ) ಮತ್ತು ಬೇರಿಂಗ್‌ಗಳ ಮೇಲಿನ ಬಾಗುವ ಒತ್ತಡ ಹೆಚ್ಚುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ: ರಿಮ್ ಕೂರುತ್ತದೆಯೋ ಇಲ್ಲವೋ ಎಂದು ನೋಡಲು, ಪ್ರದರ್ಶನಕ್ಕೆ ನಿಲ್ಲಿಸಲು, ಪೂರ್ತಿ ಕೆಲಸಕ್ಕೆ ಹಣ ಕೂಡುವವರೆಗೆ ಊರೊಳಗೆ ಓಡಿಸಲು ಅಡಾಪ್ಟರ್ ಸಾಕು. ಭಾರ ಹೊರುವ, ಟ್ರೇಲರ್ ಎಳೆಯುವ, ದಿನವೂ ಹೆದ್ದಾರಿಯಲ್ಲಿ ಓಡುವ ಗಾಡಿಗೆ ಅದು ಶಾಶ್ವತ ಪರಿಹಾರವಲ್ಲ. ಮುಂದಿನ ಚಕ್ರಗಳಿಗಂತೂ ನಾನು ಹಾಕುವುದಿಲ್ಲ.

ಆರರಲ್ಲೇ ಉಳಿಯುವುದು

ಈ ಆಯ್ಕೆಯನ್ನು ಬಹಳ ಮಂದಿ ಪರಿಗಣಿಸುವುದೇ ಇಲ್ಲ. ಐದು ತೂತಿನ ರಿಮ್‌ಗಳಲ್ಲಿ ವೈವಿಧ್ಯ ಹೆಚ್ಚೆಂಬುದು ಹಿಂದೆ ಪೂರ್ತಿ ನಿಜವಾಗಿತ್ತು, ಈಗ ಅಷ್ಟು ನಿಜವಲ್ಲ. ಷೆವರ್ಲೆ ಸಿಲ್ವೆರಾಡೊ 1500 ಗಾಡಿ 1999ರ ಮಾದರಿಯಿಂದ ಇದೇ ಐದೂವರೆ ಇಂಚಿನ ಆರರ ಮೇಲೆ ನಿಂತಿದೆ. ಆದ್ದರಿಂದ ಹದಿನೇಳು, ಹದಿನೆಂಟು, ಇಪ್ಪತ್ತು ಇಂಚಿನ ದೊಡ್ಡ ರಿಮ್ ಬೇಕೆನ್ನುವವರಿಗೆ ಆರರಲ್ಲೇ ಧಾರಾಳವಾಗಿ ಸಿಗುತ್ತದೆ. ಐದರ ಮೇಲುಗೈ ಉಳಿದಿರುವುದು ಹದಿನೈದು ಇಂಚಿನ ಹಳೆಯ ಶೈಲಿಯ ರಿಮ್‌ಗಳಲ್ಲಿ, ಅದರಲ್ಲೂ ಐದು ಅರಗಳ ಅಲಾಯ್ ಚಕ್ರಗಳಲ್ಲಿ. ಐದು ಅರಗಳ ನಡುವೆ ಆರು ನಟ್ಟುಗಳು ಕಣ್ಣಿಗೆ ಹೊಂದುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ಹೊಸ ಗಾಡಿಯ ಆರು ತೂತಿನ ರಿಮ್ ನೇರವಾಗಿ ಕೂರುತ್ತದೆಂದು ಮಾತ್ರ ತಿಳಿಯಬೇಡಿ. ಸಿ-10ಕ್ಕೆ ಹೊಂದುವ ಎಂಟು ಇಂಚು ಅಗಲದ ರಿಮ್‌ನಲ್ಲಿ ಹಿಂಬದಿಯ ಅಂಚಿನಿಂದ ಹಬ್ ಕೂರುವ ಮುಖದವರೆಗೆ ಸಾಮಾನ್ಯವಾಗಿ ನಾಲ್ಕು ಇಂಚು ಇರುತ್ತದೆ. ಅಂಚುಗಳು ಸೇರಿ ಒಟ್ಟು ಅಗಲ ಒಂಬತ್ತು ಇಂಚಾದ್ದರಿಂದ ಹಬ್ ಕೂರುವ ಮುಖ ರಿಮ್‌ನ ನಡುಗೆರೆಗಿಂತ ಅರ್ಧ ಇಂಚು ಒಳಗಿದೆ ಎಂದಾಯಿತು. ಈಗಿನ ಪಿಕಪ್‌ಗಳ ರಿಮ್‌ನಲ್ಲಿ ಅದೇ ಮುಖ ನಡುಗೆರೆಯಿಂದ ಸುಮಾರು ಒಂದು ಇಂಚು ಹೊರಗಿರುತ್ತದೆ. ಇವೆರಡರ ವ್ಯತ್ಯಾಸವಾದ ಒಂದೂವರೆ ಇಂಚಿನಷ್ಟು ಚಕ್ರ ಒಳಗೆ ನುಗ್ಗಿ ಟೈ ರಾಡ್‌ಗೋ, ಚಕ್ರವನ್ನು ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗೋ ತಾಗುತ್ತದೆ. ಅದನ್ನು ಹೊರಗೆಳೆಯಲು ಆರರಿಂದ ಆರಕ್ಕೇ ಇರುವ ಸ್ಪೇಸರ್ ಬಳಸುವವರಿದ್ದಾರೆ. ಇಲ್ಲಿ ಹೊಸ ಸ್ಟಡ್‌ಗಳು 30 ಡಿಗ್ರಿ ತಿರುಗಿ ಹಳೆಯವುಗಳ ನಡುವೆ 36 ಮಿ.ಮೀ. ದೂರದಲ್ಲಿ ಬೀಳುವುದರಿಂದ ಲೋಹ ಸಾಕಷ್ಟು ಉಳಿಯುತ್ತದೆ. ಅಡಾಪ್ಟರ್‌ಗಿಂತ ಇದು ಎಷ್ಟೋ ಮೇಲು. ಆದರೂ ಎರಡು ಜೋಡಣೆಗಳ ಆತಂಕ ಇದಕ್ಕೂ ಇದೆ, ಸಾಧ್ಯವಾದರೆ ಸರಿಯಾದ ಅಳತೆಯ ರಿಮ್ಮನ್ನೇ ಕೊಳ್ಳಿ. ಮಧ್ಯದ ತೂತಿನ ವ್ಯಾಸವನ್ನೂ ಪರೀಕ್ಷಿಸಬೇಕು: ಸಿಲ್ವೆರಾಡೊ ರಿಮ್‌ನದು 78.1 ಮಿ.ಮೀ., ಹೈಲಕ್ಸ್‌ನದು 106.1. ಹಬ್‌ನ ಮೂತಿ ಅದಕ್ಕಿಂತ ದಪ್ಪವಿದ್ದರೆ ರಿಮ್ ಕೂರುವುದೇ ಇಲ್ಲ.

ಇನ್ನೊಂದು ಮುಖ್ಯ ಸಂಗತಿ: ಡಿಸ್ಕ್ ಬ್ರೇಕು ಬೇಕೆಂದರೆ ಐದಕ್ಕೆ ಹೋಗಲೇಬೇಕೆಂದಿಲ್ಲ. ಆರು ಸ್ಟಡ್‌ಗಳ ಡಿಸ್ಕ್ ಇರುವ ಕಿಟ್‌ಗಳು ಸಿ-10ಕ್ಕೆ ಸಿಗುತ್ತವೆ. ಹಿಂದಿನ ಆಕ್ಸಲ್ಲನ್ನು ಮುಟ್ಟದೆ ಮುಂದಿನ ಬ್ರೇಕನ್ನಷ್ಟೇ ಸುಧಾರಿಸಿಕೊಂಡು, ಇರುವ ರಿಮ್‌ಗಳಲ್ಲೇ ಮುಂದುವರಿಯಬಹುದು. ಕೊಳ್ಳುವ ಮೊದಲು ಆ ಕಿಟ್‌ನ ಕ್ಯಾಲಿಪರ್‌ಗೆ, ಅಂದರೆ ಡಿಸ್ಕನ್ನು ಪ್ಯಾಡ್‌ಗಳಿಂದ ಅದುಮುವ ಭಾಗಕ್ಕೆ, ಹಳೆಯ ಹದಿನೈದು ಇಂಚಿನ ಉಕ್ಕಿನ ರಿಮ್‌ನ ಒಳಗೆ ಜಾಗ ಸಾಲುತ್ತದೆಯೇ ಎಂದು ಕೇಳಿಕೊಳ್ಳಿ, ಏಕೆಂದರೆ ಆ ರಿಮ್‌ಗಳನ್ನು ಡ್ರಮ್‌ಗಾಗಿ ಮಾಡಲಾಗಿತ್ತು. ಗಾಡಿ ನಿಲ್ಲಬೇಕು ಎಂಬುದೇ ನಿಮ್ಮ ಮುಖ್ಯ ಚಿಂತೆಯಾಗಿದ್ದರೆ, ಖರ್ಚಿಗೆ ತಕ್ಕ ಅತಿ ಹೆಚ್ಚಿನ ಫಲ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಭಾರತದಲ್ಲಿರುವವರಿಗೆ ಆರರಲ್ಲೇ ಉಳಿಯಲು, ಅಥವಾ ಯಾವ ಹಳೆಯ ಗಾಡಿಯಾದರೂ ಮೂಲ ಸ್ಥಿತಿಯಲ್ಲೇ ಉಳಿಸಲು, ಕಾನೂನಿನ ಕಾರಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಗಳಿಂದ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮಗಳು ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಕಾಪಾಡಿಕೊಂಡು ಬಂದ ಗಾಡಿಗಳಿಗೆ ಅನ್ವಯಿಸುತ್ತವೆ. ಅಂಥ ಗಾಡಿ ಕೈಯಲ್ಲಿದ್ದರೆ ಆಕ್ಸಲ್, ಬ್ರೇಕು ಬದಲಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಹಬ್ ಮತ್ತು ಆಕ್ಸಲ್ ದಂಡ ಬದಲಿಸಿ ಐದಕ್ಕೆ ಹೋಗುವುದು

ಐದೇ ಬೇಕು, ಗಾಡಿಯನ್ನು ನಿಜವಾಗಿ ಓಡಿಸಬೇಕು ಎನ್ನುವವರಿಗೆ ಇದು ಸರಿಯಾದ ದಾರಿ. ಚಕ್ರಕ್ಕೂ ಆಕ್ಸಲ್‌ಗೂ ನಡುವೆ ಒಂದೇ ಜೋಡಣೆ, ಚಕ್ರದ ಜಾಗ ಹೆಚ್ಚು ಅಲುಗುವುದಿಲ್ಲ, ಬ್ರೇಕು ಸುಧಾರಿಸುತ್ತದೆ. ಖರ್ಚು ಸಾವಿರಗಳ ಲೆಕ್ಕಕ್ಕೆ ಏರುತ್ತದೆ.

ಮುಂದಿನ ಭಾಗಕ್ಕೆ ಐದು ಸ್ಟಡ್‌ಗಳ ಡಿಸ್ಕ್, ಕ್ಯಾಲಿಪರ್, ಸ್ಪಿಂಡಲ್ ಸೇರಿದ ಕಿಟ್ ತರಿಸಬಹುದು. ಗಾಡಿಯನ್ನು ತಗ್ಗಿಸುವ ಆಸೆಯಿದ್ದವರು ಎರಡೂವರೆ ಇಂಚು ಇಳಿಸುವ ಸ್ಪಿಂಡಲ್ಲನ್ನು ಇದೇ ಸಂದರ್ಭದಲ್ಲಿ ಹಾಕಿಸಿದರೆ ಒಂದು ಸಲದ ಕೂಲಿ ಉಳಿಯುತ್ತದೆ. 1971ರ ನಂತರದ ಸ್ಪಿಂಡಲ್ ಬಳಸುವಾಗ ಬಾಲ್ ಜಾಯಿಂಟ್ ಮತ್ತು ಟೈ ರಾಡ್‌ಗಳ ಮೊನೆಯ ಇಳಿಜಾರು ಅದಕ್ಕೆ ಹೊಂದಬೇಕು. ಹಳೆಯದನ್ನೇ ಬಿಗಿದು ಓಡಿಸಬಾರದು.

ಬ್ರೇಕಿನ ಪೈಪುಗಳ ಕಡೆಯ ಕೆಲಸವನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಕೊನೆಗೆ ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಡ್ರಮ್‌ಗೆಂದು ಮಾಡಿದ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ 10 ಪೌಂಡ್) ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಡಿಸ್ಕ್‌ಗೆ ಜೋಡಿಸಿದರೆ ಪೆಡಲ್ ಬಿಟ್ಟ ಮೇಲೂ ಪ್ಯಾಡ್‌ಗಳು ಉಜ್ಜುತ್ತಲೇ ಇರುತ್ತವೆ, ಹತ್ತು ಮೈಲಿ ಓಡುವಷ್ಟರಲ್ಲಿ ಡಿಸ್ಕ್ ಕಾದು ವಾಸನೆ ಬರುತ್ತದೆ. ಡಿಸ್ಕ್ ಮತ್ತು ಡ್ರಮ್ ಎರಡಕ್ಕೂ ಸರಿಹೊಂದುವ ಮಾಸ್ಟರ್ ಸಿಲಿಂಡರ್, ಮುಂದೆ ಹಿಂದೆ ಒತ್ತಡ ಹಂಚುವ ಕಾಂಬಿನೇಷನ್ ವಾಲ್ವ್, ಕಾಲಿನ ಶ್ರಮ ತಗ್ಗಿಸುವ ಬೂಸ್ಟರ್ ಇವು ಮೂರನ್ನೂ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ. 1966 ಅಥವಾ ಅದಕ್ಕಿಂತ ಹಿಂದಿನ ಗಾಡಿಯಾದರೆ ನಾಲ್ಕೂ ಚಕ್ರಗಳಿಗೆ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್ ಇರುತ್ತದೆ, ಒಂದು ಪೈಪು ಒಡೆದರೆ ಎಲ್ಲ ಬ್ರೇಕೂ ಹೋಗುತ್ತದೆ. ಎರಡು ಕೋಣೆಯದು ಬಂದದ್ದು 1967ರ ಮಾದರಿಯಿಂದ. ಹಳೆಯದನ್ನು ಬದಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಹಿಂದಿನ ಭಾಗ ನೋಡಲು ಭಯ ಹುಟ್ಟಿಸುತ್ತದೆ, ಮಾಡಲು ಅಷ್ಟು ಕಷ್ಟವಲ್ಲ. 1963ರ ನಂತರದ ಬಹುಪಾಲು ಸಿ-10ಗಳಲ್ಲಿ ಹನ್ನೆರಡು ಬೋಲ್ಟ್‌ನ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಗೂಡು) ಇದೆ. ಮುಚ್ಚಳದ ಬೋಲ್ಟ್ ಎಣಿಸಿದರೆ ತಿಳಿಯುತ್ತದೆ. ಮುಚ್ಚಳ ಬಿಚ್ಚಿ ಆಯಿಲ್ ಇಳಿಸಿ, ಅಡ್ಡ ಪಿನ್ ತೆಗೆದು, ಆಕ್ಸಲ್ ದಂಡವನ್ನು ಒಳಗೆ ತಳ್ಳಿದರೆ ಅದರ ತುದಿಯಲ್ಲಿರುವ ಸಿ ಆಕಾರದ ಕ್ಲಿಪ್ ಕೈಗೆ ಬರುತ್ತದೆ. ಆಮೇಲೆ ದಂಡ ಹೊರಗೆ ಜಾರುತ್ತದೆ. ಐದು ಸ್ಟಡ್‌ಗಳ ಹೊಸ ದಂಡ ತರಿಸುವ ಮೊದಲು ಹಳೆಯದರ ತುದಿಯ ಹಲ್ಲುಗಳನ್ನು (ಸ್ಪ್ಲೈನ್) ಎಣಿಸಿ, ಉದ್ದವನ್ನು ಅಳೆಯಿರಿ. ವರ್ಷವನ್ನಷ್ಟೇ ಹೇಳಿ ತರಿಸಿದವರು ಹೊಂದದ ದಂಡವನ್ನು ಹಿಂತಿರುಗಿಸಿದ್ದನ್ನು ಕಂಡಿದ್ದೇನೆ. ಬೇರಿಂಗ್ ಮತ್ತು ಆಯಿಲ್ ಸೀಲ್‌ಗಳನ್ನು ಈಗಲೇ ಹೊಸದು ಹಾಕಿ. ಡ್ರಮ್‌ಗಳೂ ಐದು ತೂತಿನವಾಗಬೇಕು.

ಗುಜರಿಯಿಂದ ಇಡೀ ಭಾಗಗಳನ್ನೇ ತರುವುದು

ಕೈಯಲ್ಲಿ ಹಣ ಕಡಿಮೆ, ಸಮಯ ಹೆಚ್ಚು, ಗುಜರಿ ಅಂಗಳಗಳಲ್ಲಿ ಅಲೆಯಲು ಬೇಸರವಿಲ್ಲ ಎನ್ನುವವರಿಗೆ ಕಾರ್ಖಾನೆಯ ಭಾಗಗಳೇ ಉತ್ತಮ. 1971 ಮತ್ತು 1972ರ ಸಿ-10 1967ರಲ್ಲಿ ಬಂದ ಪೀಳಿಗೆಯದೇ, ಹಿಂದಿನ ಆಕ್ಸಲ್‌ಗೆ ಅದೇ ಉದ್ದನೆಯ ಟ್ರೇಲಿಂಗ್ ಆರ್ಮ್ (ಆಕ್ಸಲನ್ನು ಚಾಸಿಗೆ ಹಿಡಿದಿಡುವ ತೋಳು), ಕಾಯಿಲ್ ಸ್ಪ್ರಿಂಗ್. ಆದ್ದರಿಂದ ಅದರ ಹಿಂದಿನ ಆಕ್ಸಲ್ ಬೋಲ್ಟ್ ಬಿಚ್ಚಿ ಬೋಲ್ಟ್ ಬಿಗಿಯುವಷ್ಟು ಸುಲಭವಾಗಿ ಕೂರುತ್ತದೆ. ಎರಡೇ ವರ್ಷದ ಗಾಡಿಗಳಾದ್ದರಿಂದ ಎಲ್ಲರ ಕಣ್ಣೂ ಅವುಗಳ ಮೇಲೆ. ಹೇರಳವಾಗಿ ಸಿಗುವುದು 1973ರಿಂದ 1987ರ ನಡುವಿನವು. ಆ ಗಾಡಿಯ ಮುಂದಿನ ಕ್ರಾಸ್‌ಮೆಂಬರ್ (ಚಾಸಿಯ ಅಡ್ಡತೊಲೆ), ಕಂಟ್ರೋಲ್ ಆರ್ಮ್, ಸ್ಪಿಂಡಲ್, ಡಿಸ್ಕ್ ಎಲ್ಲವನ್ನೂ ಒಂದೇ ಗಂಟಾಗಿ ಇಳಿಸಿ 1963ರಿಂದ 1972ರವರೆಗಿನ ಚಾಸಿಗೆ ಕೂರಿಸುವುದು ಬಹಳ ಕಾಲದಿಂದ ನಡೆದುಬಂದಿರುವ ಕೆಲಸ. ಎಂಜಿನ್‌ಗೆ ಆಸರೆ ಕೊಟ್ಟು ಎತ್ತಿ ಹಿಡಿಯಬೇಕು, ಸ್ಟೀರಿಂಗ್‌ನ ಕೊಂಡಿಗಳನ್ನು ಹೊಂದಿಸಬೇಕು, ಕೊನೆಗೆ ಅಲೈನ್‌ಮೆಂಟ್ ಮಾಡಿಸಬೇಕು. ಹಿಂದಿನ ಆಕ್ಸಲ್ ಮಾತ್ರ ಸುಲಭವಲ್ಲ: 1973ರಿಂದ ಹಿಂದೆ ಕಮಾನು ಪಟ್ಟಿಗಳು, ಅಂದರೆ ಲೀಫ್ ಸ್ಪ್ರಿಂಗ್ ಬಂದವು, ಟ್ರೇಲಿಂಗ್ ಆರ್ಮ್‌ಗೆ ಬೇಕಾದ ಕೂರುಪಟ್ಟಿಗಳು ಅದರಲ್ಲಿರುವುದಿಲ್ಲ, ವೆಲ್ಡ್ ಮಾಡಬೇಕಾಗುತ್ತದೆ. ಆದ್ದರಿಂದ ಮುಂದಿನದನ್ನು ಗುಜರಿಯಿಂದ ತಂದು, ಹಿಂದಿನದಕ್ಕೆ ಹೊಸ ಆಕ್ಸಲ್ ದಂಡ ಕೊಳ್ಳುವ ಮಿಶ್ರ ದಾರಿಯೇ ಹೆಚ್ಚಿನವರಿಗೆ ಹಿತ.

1960ರಿಂದ 1962ರ ಗಾಡಿಯವರು ನೆನಪಿಡಬೇಕಾದದ್ದು: ಅವುಗಳ ಮುಂದಿನ ಸಸ್ಪೆನ್ಷನ್ ತಿರುಚುವ ಸರಳುಗಳದ್ದು, ಅಂದರೆ ಟಾರ್ಷನ್ ಬಾರ್. ಕಾಯಿಲ್ ಸ್ಪ್ರಿಂಗ್ ಬಂದದ್ದು 1963ರಲ್ಲಿ. ಅವರು ಕ್ರಾಸ್‌ಮೆಂಬರ್ ಸಮೇತ ಬದಲಿಸದೆ ಈ ಕಿಟ್‌ಗಳನ್ನು ಬಳಸಲಾಗುವುದಿಲ್ಲ. ಮುಕ್ಕಾಲು ಟನ್ನಿನ ಸಿ-20 ಗಾಡಿಯ ಎಂಟು ಸ್ಟಡ್‌ಗಳನ್ನು ಐದಕ್ಕೆ ಇಳಿಸುವವರೂ ಇದ್ದಾರೆ. ಭಾರ ಹೊರುವ ಶಕ್ತಿಯನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ಅರಿತು ಮಾಡಬೇಕಾದ ಕೆಲಸ ಅದು.

ಐದರಲ್ಲಿ ಯಾವ ಐದು

ಕಿಟ್ ತರಿಸುವಾಗ ಐದು ಇಂಚೋ ನಾಲ್ಕೂಮುಕ್ಕಾಲು ಇಂಚೋ ಎಂದು ಕೇಳುತ್ತಾರೆ. ನಾಲ್ಕೂಮುಕ್ಕಾಲರಲ್ಲಿ ಕಾರುಗಳ ರಿಮ್‌ಗಳು ಯಥೇಚ್ಛ, ಬೆಲೆಯೂ ಹಿತ. ಆದರೆ ಅವುಗಳಲ್ಲಿ ಹಲವನ್ನು ಹಗುರವಾದ ಕಾರಿಗೆಂದು ಮಾಡಲಾಗಿದೆ; ರಿಮ್‌ನ ಮೇಲೆ ಅಚ್ಚೊತ್ತಿರುವ ಭಾರದ ಮಿತಿಯನ್ನು ಓದಿ, ನೀವು ಹೊರಿಸುವ ಸರಂಜಾಮಿನ ಸಮೇತ ಗಾಡಿಯ ಹಿಂದಿನ ಆಕ್ಸಲ್ ಮೇಲೆ ಬೀಳುವ ತೂಕದ ಅರ್ಧಕ್ಕಿಂತ ಅದು ಹೆಚ್ಚಿದೆಯೇ ನೋಡಿ. ಐದು ಇಂಚಿನದು ಪಿಕಪ್‌ನದೇ ವೃತ್ತ. ದೂರದ ಊರಿನಲ್ಲಿ ಡ್ರಮ್ ಒಡೆದರೂ ಬಿಡಿಭಾಗದ ಅಂಗಡಿಯಲ್ಲಿ 1980ರ ಸಿ-10ರದ್ದು ಎಂದು ಕೇಳಿ ಪಡೆಯಬಹುದು. ಜೀಪ್ ರ‍್ಯಾಂಗ್ಲರ್ ಕೂಡ 2007ರಿಂದ ಇದೇ ವೃತ್ತದಲ್ಲಿ ಇರುವುದರಿಂದ ಹೊಸ ರಿಮ್‌ಗಳ ಕೊರತೆಯಿಲ್ಲ, ಆದರೆ ಅವುಗಳಲ್ಲೂ ಹಬ್ ಕೂರುವ ಮುಖ ಹೊರಗಿರುವುದನ್ನು ಮರೆಯಬಾರದು. ಸ್ಟಡ್‌ಗಳನ್ನು ಮಾತ್ರ 7/16ರಿಂದ ಅರ್ಧ ಇಂಚಿಗೆ ಏರಿಸಿಕೊಳ್ಳುವುದು ಒಳ್ಳೆಯದು.

ಯಾರಿಗೆ ಯಾವುದು

ಗಾಡಿ ಮೂಲ ಸ್ಥಿತಿಯಲ್ಲಿದೆ, ತಿಂಗಳಿಗೆರಡು ಸಲ ಓಡಿಸುತ್ತೀರಿ ಎಂದಾದರೆ ಆರನ್ನು ಮುಟ್ಟಬೇಡಿ. ಇರುವ ಡ್ರಮ್ ಬ್ರೇಕನ್ನೇ ಸರಿಪಡಿಸಿ, ಆ ಹಣದಲ್ಲಿ ಒಳ್ಳೆಯ ಟೈರು ಹಾಕಿಸಿ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುತ್ತೀರಿ, ರಿಮ್ ಯಾವುದಾದರೂ ಆದೀತು ಎಂದಾದರೆ ಆರು ಸ್ಟಡ್‌ಗಳ ಡಿಸ್ಕ್ ಕಿಟ್ ಸಾಕು. ಡಿಸ್ಕ್ ಹೇಗೂ ಹಾಕಿಸುವವರಿದ್ದು, ಹದಿನೈದು ಇಂಚಿನ ಐದು ಅರಗಳ ರಿಮ್‌ನ ಮೇಲೆ ಮನಸ್ಸಿದ್ದರೆ, ಆಗ ಐದಕ್ಕೆ ಹೋಗಿ: ಮುಂದಿನ ಅರ್ಧ ಖರ್ಚನ್ನು ಬ್ರೇಕಿಗಾಗಿ ಹೇಗೂ ಮಾಡುತ್ತಿದ್ದೀರಿ, ಹೆಚ್ಚಿಗೆ ಬೀಳುವುದು ಹಿಂದಿನ ಎರಡು ದಂಡ ಮತ್ತು ಡ್ರಮ್‌ಗಳದ್ದು ಮಾತ್ರ. ಒಂದೇ ಸಲಕ್ಕೆ ಕೈಗೂಡದಿದ್ದರೆ ಮುಂದಿನದನ್ನು ಮೊದಲು ಪೂರ್ತಿ ಮಾಡಿಸಿ, ಹಿಂದಿನ ದಂಡ ಬರುವವರೆಗೆ ಹಿಂದೆ ಆರು ತೂತಿನ ಹಳೆಯ ರಿಮ್‌ನಲ್ಲೇ ಓಡಿಸಿ. ನೋಟಕ್ಕೆ ಹೊಂದುವುದಿಲ್ಲ, ಜೊತೆಗೆ ಎರಡು ಬಗೆಯ ಸ್ಟೆಪ್ನಿ ಬೇಕಾಗುತ್ತದೆ. ಆದರೂ ಅಡಾಪ್ಟರ್‌ಗಿಂತ ಅದೇ ಸುರಕ್ಷಿತ. ಹಿಂದಿನ ಚಕ್ರಕ್ಕೆ ಕೆಲವು ತಿಂಗಳ ಮಟ್ಟಿಗೆ ಅಡಾಪ್ಟರ್ ಹಾಕಲೇಬೇಕೆಂದರೆ ದಿನಾಂಕ ಬರೆದಿಟ್ಟುಕೊಂಡು, ಪ್ರತಿ ತಿಂಗಳೂ ಚಕ್ರ ಬಿಚ್ಚಿ ಒಳಗಿನ ನಟ್ಟುಗಳನ್ನು ನೋಡಿ.

ಯಾವ ದಾರಿ ಹಿಡಿದರೂ ರಿಮ್‌ಗಳನ್ನು ಕೊನೆಗೆ ಕೊಳ್ಳಿ. ಹಬ್, ಡಿಸ್ಕ್, ಆಕ್ಸಲ್ ಎಲ್ಲ ಕೂತ ಮೇಲೆ, ಗಾಡಿಯ ಭಾರ ಸ್ಪ್ರಿಂಗ್‌ಗಳ ಮೇಲಿರುವಂತೆ ಸ್ಪಿಂಡಲ್‌ಗೂ ಆಕ್ಸಲ್‌ಗೂ ಆಸರೆ ಕೊಟ್ಟು, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಹಬ್‌ನ ಮುಖದಿಂದ ಒಳಗೂ ಹೊರಗೂ ಎಷ್ಟು ಜಾಗವಿದೆ ಎಂದು ಅಳೆದು ಆ ಅಂಕಿಗಳೊಂದಿಗೆ ಅಂಗಡಿಗೆ ಹೋಗಿ. ರಿಮ್ ಬಂದ ದಿನ ನಟ್ಟಿನ ಮೂತಿಯ ಆಕಾರ ರಿಮ್‌ನ ಗುಳಿಗೆ ಹೊಂದುತ್ತದೆಯೇ ನೋಡಿ: ಉಕ್ಕಿನ ರಿಮ್‌ಗೆ ಶಂಕುವಿನಾಕಾರದ್ದು, ಕೆಲವು ಹಳೆಯ ಅಲಾಯ್ ರಿಮ್‌ಗಳಿಗೆ ಉದ್ದ ಕತ್ತಿನ, ವಾಷರ್ ಇರುವ ನಟ್ಟು. ಪ್ರತಿ ನಟ್ಟನ್ನೂ ಕೈಯಿಂದ ತಿರುಗಿಸುತ್ತ ಸುತ್ತು ಎಣಿಸಿ. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್ಟಿನೊಳಗೆ ಹೋಗಿರಬೇಕು. ಇಂಚಿಗೆ ಇಪ್ಪತ್ತು ಎಳೆಗಳ 7/16 ಸ್ಟಡ್‌ಗೆ ಅದು ಒಂಬತ್ತು ಸುತ್ತು, ಅರ್ಧ ಇಂಚಿನದಕ್ಕೆ ಹತ್ತು. ಗಾಳಿ ಗನ್ ಬಿಟ್ಟು ಟಾರ್ಕ್ ರೆಂಚ್‌ನಲ್ಲಿ, ಎದುರುಬದುರಾಗಿ ಬಿಗಿಯಿರಿ. ಎಂಬತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರಗಳು ತಣ್ಣಗಾಗಲು ಬಿಟ್ಟು, ಅದೇ ರೆಂಚ್ ಹಿಡಿದು ನಾಲ್ಕೂ ಚಕ್ರಗಳನ್ನು ಇನ್ನೊಮ್ಮೆ ಸುತ್ತಿ ಬನ್ನಿ.